ನನ್ನ ಭುಜದ ಅಳತೆಯ ಬ್ಯಾಗ್

ಫಣಿ ಅಣ್ಣಾ,

ನೀನು ತಂದ ದೊಡ್ಡ ಬ್ಯಾಗನ್ನು ಅಂಗಡಿಗೆ ವಾಪಸ್ ಕೊಟ್ಟು ಬೇರೆ ತಂದಿದ್ದೇನೆ. ಅದು ನನಗೆ ಸೊಂಟದ ಕೆಳಗೆ ಜೋಲುತ್ತಿತ್ತು. ಇದರ ಜಿಪ್ಪು ಬೆನ್ನಿಗೆ ಒತ್ತಿಕೊಂಡಿರುತ್ತದೆ, ರೈಲಿನ ನೂಕುನುಗ್ಗಲಲ್ಲಿ ಯಾರೂ ತೆಗೆಯಲಾರರು. ಹೊಸ ಕ್ಯಾಮೆರಾ, ಎರಡು ಲೆನ್ಸು, ಲ್ಯಾಪ್‌ಟಾಪು ಎಲ್ಲ ಹಿಡಿಸಿವೆ.

ವಿಜಯವಾಡದ ಮದುವೆಯ ಫೋಟೋ ತೆಗೆಯಲು ಒಬ್ಬಳೇ ಹೊರಟಿದ್ದೇನೆ. ಮಂಗಳಸ್ನಾನದ ಹತ್ತಿರ ಗಂಡಸರು ಬೇಡವೆಂದು ಹುಡುಗಿಯ ತಾಯಿ ನನ್ನನ್ನೇ ಕರೆದಿದ್ದಾರೆ. "ನಾಲ್ಕು ಜನರ ಮುಂದೆ ಬಾಯಿ ಬಿಡಲ್ಲ ಇದು, ಮದುವೆ ಏನು ತೆಗೆಯುತ್ತೆ" ಅಂದೆಯಲ್ಲ, ಬಾಯಿ ಬಿಡದೆಯೇ ತೆಗೆಯುತ್ತೇನೆ.

ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹೊರಡುವ ವಿಷಯ ಅಮ್ಮನಿಗೆ ನಾನೇ ಹೇಳಿದ್ದೇನೆ, ನೀನು ಅವಳನ್ನು ಬೈಯಬೇಡ.

ನಾಳೆ ಋಷಿಕೊಂಡ ಬೀಚಿನ ನಿನ್ನ ಶೂಟಿಂಗಿಗೆ ಹಳೆಯ ಕ್ಯಾಮೆರಾ ಚಾರ್ಜ್ ಮಾಡಿಟ್ಟಿದ್ದೇನೆ. ಸಾಮಾನು ಹೊತ್ತು ನಿನ್ನ ಹಿಂದೆ ನಿಲ್ಲಲು ಬೇರೆ ಯಾರನ್ನಾದರೂ ನೋಡಿಕೋ.

ಮಾಧವಿ