ಬಕೆಟ್‌ಗೆ ಕಟ್ಟಿದ ಹಗ್ಗ

ಬುಧವಾರ, ಬೆಳಿಗ್ಗೆ

ನನ್ನ ಮುದ್ದಿನ ಅಕ್ಕಾ,

ಕರ್ತನ ಹೆಸರಿನಲ್ಲಿ ವಂದನೆ. ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡ; ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಎಂದು ನಗಲೂಬೇಡ. ನಿನ್ನೆ ನಡೆದದ್ದನ್ನು ಅವಸರದಲ್ಲಿ ಗೀಚುತ್ತಿದ್ದೇನೆ.

ಕಳೆದ ಪತ್ರದಲ್ಲಿ ಪರದೆಯ ಬಣ್ಣ, ಇವರ ಗುಳಿಕೆನ್ನೆ, ನನ್ನ ಕೈರುಚಿಗೆ ಇವರು ಮತ್ತೆ ಮತ್ತೆ ತಟ್ಟೆ ಚಾಚುವುದು, ಎಲ್ಲ ಬರೆದಿದ್ದೆನಲ್ಲ? ನಿನ್ನೆ ಅದೇ ಖುಷಿಯಲ್ಲಿ ಬಿಸಿ ಊಟ ಕಟ್ಟಿಕೊಂಡು, ಹೇಳದೆ ಕೇಳದೆ ಇವರು ಕೆಲಸ ಮಾಡುವ ಕಟ್ಟಡಕ್ಕೆ ಹೋದೆ. ಎತ್ತರದ ಗಾಜು ಒರೆಸುವವರ ಹೆಂಡತಿ ನಾನು. ತಲೆಯೆತ್ತಿ ನೋಡುವುದೇ ಒಂದು ಹೆಮ್ಮೆ! ನೋಡಿದೆ. ತೂಗುವ ಹಲಗೆಯ ಮೇಲೆ ಕುಳಿತು ಇವರು ಏನೋ ಗುನುಗುತ್ತಾ ಗಾಜು ಒರೆಸುತ್ತಿದ್ದರು. ಸೊಂಟದಲ್ಲಿ ಸೇಫ್ಟಿ ಬೆಲ್ಟ್ ಇರಲಿಲ್ಲ. ಅದಕ್ಕೆ ಸಿಕ್ಕಿಸಬೇಕಾದ ಹಗ್ಗ, ಕೊಂಡಿಯ ಸಮೇತ, ಪಕ್ಕದಲ್ಲಿ ಖಾಲಿಯಾಗಿ ಗಾಳಿಗೆ ಓಲಾಡುತ್ತಿತ್ತು. ಅಕ್ಕಾ, ಕೂಗಿದರೆ ಬೆಚ್ಚಿಬಿದ್ದಾರೆಂದು ಕೂಗಲೂ ಇಲ್ಲ. ಡಬ್ಬಿ ಅವುಚಿಕೊಂಡು ಫುಟ್‌ಪಾತ್ ಮೇಲೆ ಕಾದು ಕುಳಿತೆ.

ಕೆಳಗಿಳಿದ ಮೇಲೆ ಕೇಳಿದರೆ ನಗುತ್ತಾರೆ! “ಬೆಳಿಗ್ಗೆ ಇಬ್ರೂ ಮೊಣಕಾಲೂರಿ ಪ್ರಾರ್ಥನೆ ಮಾಡ್ಲಿಲ್ವಾ? ಆಮೇಲೂ ಹಗ್ಗಾನೇ ನಂಬಿದ್ರೆ ದೇವರನ್ನ ನಂಬಿದ ಹಾಗಾಯ್ತಾ?”

ಆಗ ಇವರ ಬಕೆಟ್ ಕಣ್ಣಿಗೆ ಬಿತ್ತು. ಅದರ ಹಿಡಿಗೆ ಹಗ್ಗ, ಗಂಟಿನ ಮೇಲೆ ಗಂಟು.

“ಇದಕ್ಯಾಕ್ರೀ ಹಗ್ಗ? ಇದಕ್ಕೂ ಪ್ರಾರ್ಥನೆ ಮಾಡ್ಬಹುದಿತ್ತಲ್ಲ?”

“ಅಯ್ಯೋ ಹುಚ್ಚಿ, ಅದು ಬಿದ್ರೆ ಕೆಳಗಿರೋರ ಗತಿ?”

“ನೀವು ಬಿದ್ರೆ? ಕೆಳಗಿರೋಳು ನಾನು ರೀ!”

ಇವರ ನಗು ಅಲ್ಲೇ ನಿಂತಿತು.

ಇಂದು ಪ್ರಾರ್ಥನೆಯಲ್ಲಿ ನಾನೇ ಬಾಯಿ ತೆರೆದೆ. ಕರ್ತನೇ, ಈ ಮನುಷ್ಯನನ್ನು ಕೊಟ್ಟೆ, ಸ್ತೋತ್ರ. ಹಗ್ಗ ಹೊಸೆಯುವ ಕೈಗಳನ್ನೂ ನೀನೇ ಕೊಟ್ಟೆ, ಅದಕ್ಕೂ ಸ್ತೋತ್ರ ಎಂದೆ. ಆಮೆನ್ ಎಂದವರೇ ಎದ್ದುಹೋಗಿ ಬೆಲ್ಟ್ ತಂದರು. ಅಮ್ಮನಿಗೆ ಹೇಳಬೇಡ, ಎಲ್ಲ ಸರಿಹೋಯಿತು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಸರಿಹೋಯಿತು ಎಂದದ್ದು ಸುಳ್ಳು. ಬೆಲ್ಟಿನ ಎರಡು ತುದಿ ಒಂದಕ್ಕೊಂದು ತಾಗಲೇ ಇಲ್ಲ! ಮದುವೆಯಾದ ಮೇಲೆ ಇವರಿಗೆ ಹೊಟ್ಟೆ ಬಂದಿದೆ. ದೊಡ್ಡದು ಕೇಳಿದರೆ ಜೊತೆಯವರು ಆಡಿಕೊಳ್ಳುತ್ತಾರೆಂದು ಸುಮ್ಮನಿದ್ದರಂತೆ. ಹಾಗಾದರೆ ದೇವರು, ನಂಬಿಕೆ ಎಂದದ್ದೆಲ್ಲ? ತಲೆ ತಗ್ಗಿಸಿ ಹೇಳಿದರು: “ಮೊದಲ ದಿನ ಬೆಲ್ಟ್ ಬಿಟ್ಟಿದ್ದು ಬರೀ ನಾಚಿಕೆಗೆ ಕಣೇ. ಬೀಳ್ಲಿಲ್ಲ. ಆಮೇಲಾಮೇಲೆ ಅದೇ ನಂಬಿಕೆ ಅನ್ಸೋಕೆ ಶುರುವಾಯ್ತು.” ಇವರ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೇನೆ. ಹೊಸ ಬೆಲ್ಟ್ ಬರುವವರೆಗೆ ಕೊಡುವುದಿಲ್ಲ. ಇವರು ಅಡುಗೆಮನೆಯಿಂದ ಮೇಸ್ತ್ರಿಗೆ ಫೋನ್ ಮಾಡಿ ಸೊಂಟದ ಅಳತೆ ಹೇಳುತ್ತಿದ್ದಾರೆ, ಬಹಳ ಮೆಲ್ಲಗೆ.