ಒಗ್ಗರಣೆ ಸೀನಿಗೆ ದೊಡ್ಡವ್ವ ನಗಲಿಲ್ಲ

ಮಾರ್ಚ್ 9, ಸೋಮವಾರ, ಬ್ಯಾಡಗಿ

ಮೂರು ವಾರದ ಕೆಲಸ ನೀರುಪಾಲಾಯಿತು ಅನ್ನಿಸುತ್ತಿದೆ.

ಅಮೆರಿಕಕ್ಕೆ ಹೋದ ನಮ್ಮವರ ಕುರಿತ ಇಂಗ್ಲಿಷ್ ಕಾಮಿಡಿ ಪಿಕ್ಚರ್‌ಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ ಎಂದು ಸಿನಿಮಾ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಎದೆ ತಟ್ಟಿ ಹೇಳಿದವಳು ನಾನೇ. ನಾಳೆ ಫೈಲ್ ಕಳಿಸಬೇಕು. ಇಂಗ್ಲಿಷ್ ಬಾರದವರು ಒಬ್ಬರಾದರೂ ಮೊದಲು ನೋಡಿ ನಗಲಿ ಎಂದು, ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ದೊಡ್ಡವ್ವನನ್ನು ನನ್ನ ಫೋನಿನ ಮುಂದೆ ಕೂರಿಸಿದೆ.

ಗ್ರೂಪಿನವರು ಬಿದ್ದು ಬಿದ್ದು ನಗುವ ಸೀನ್ ಬಂತು. ಹೊಸದಾಗಿ ಹೋದ ಸೊಸೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುತ್ತಾಳೆ. ಹೊಗೆಗೆ ಅಲಾರಾಂ ಕೂಗಿ, ಬಿಲ್ಡಿಂಗಿನವರೆಲ್ಲ ಕೆಮ್ಮುತ್ತ ರಸ್ತೆಗೆ ಓಡುತ್ತಾರೆ.

"ಇದಕ್ಕ ಯಾಕ ಓಡ್ತಾರ?" ಎಂದಳು ದೊಡ್ಡವ್ವ.

"ಘಾಟಿಗೆ. ಅವರಿಗೆ ರೂಢಿ ಇಲ್ಲ."

"ನಾಕ್ ಕಾಯಿಗೆ? ನಾವು ದಿನಾ ರಾಶಿ ಮುಂದ ಕುಂದರ್ತೇವಿ."

"ಕಾಮಿಡಿ ಐತಿ ದೊಡ್ಡವ್ವ, ನಗಬೇಕು."

"ಪಾಪ, ಆ ಹುಡುಗಿ ಒಗ್ಗರಣಿ ಚೆಲ್ಲಿ ಅಳಾಕತ್ತಾಳ, ನೀ ನೋಡಿದ್ರ ಹಲ್ಲ ಕಿಸೀತಿ."

ಸಿಟ್ಟು ಬಂದು ಫೋನ್ ಕಸಿದುಕೊಂಡೆ. ಅವಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತಳು.

"ಹಂಗಾರ ಆಕಿ ಆ ರಾತ್ರಿ ಏನ್ ಉಂಡ್ಳು?"

ಹನ್ನೊಂದು ಸಲ ನೋಡಿದ್ದೇನೆ, ನನಗೆ ಗೊತ್ತಿಲ್ಲ. ಈಗ ಮತ್ತೆ ಹಾಕಿ ನೋಡಿದೆ. ಅವಳು ನೆಲ ಒರೆಸುತ್ತಿರುತ್ತಾಳೆ, ಅಷ್ಟರಲ್ಲಿ ಪಿಕ್ಚರ್‌ನಲ್ಲಿ ಬೆಳಗಾಗಿಬಿಡುತ್ತದೆ. ಊಟದ ಮಾತೇ ಇಲ್ಲ. ಹನ್ನೊಂದು ಸಲವೂ ನಾನು ನಕ್ಕಿದ್ದು ಈ ಸೀನಿಗೇ. ಈಗ ನಗು ಬರುತ್ತಿಲ್ಲ. ನಾಳೆ ಗ್ರೂಪಿನವರಿಗೆ ಏನಂತ ಹೇಳಲಿ?