ಗುಜರಿಗೆ ಕೊಡಲಿಲ್ಲ ಮಾವ

ಮಾವನವರೇ,

ಎಲ್ಲಿದ್ದೀರೋ ಅಲ್ಲೇ ಕೂತು ಓದಿ. ಮೊದಲು ನಿಮ್ಮ ಮಗನ ಮೇಲೊಂದು ದೂರಿದೆ. ನಿಮ್ಮ ತಿಥಿ ಮುಗಿದ ವಾರವೇ ನಿಮ್ಮ ಕಂಪ್ಯೂಟರನ್ನು ಎತ್ತಿ ಜಗಲಿಯಲ್ಲಿಟ್ಟು, "ಇದ್ನ ಗುಜರಿಗೆ ಹಾಕು ಮಾರಾಯ್ತಿ, ವೈರಸ್ ಗೂಡು ಇದು" ಅಂದರು. ನಾನು ಅದನ್ನು ಹೊತ್ತು ತಂದು ಮತ್ತೆ ನಿಮ್ಮ ಮೇಜಿನ ಮೇಲೇ ಇಟ್ಟೆ. ಅವರಿಗೆ ಎದುರು ನಿಂತಿದ್ದು ಅದೇ ಮೊದಲೇನಲ್ಲ, ನಿಮಗೇ ಗೊತ್ತಲ್ಲ.

ಗಾಳಿಬೀಡಿನ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾಗ ನೀವು ಕಾಫಿ ಪಿಕ್ಕಿಂಗ್ ಮುಗಿದ ದಿನ ಲೈನ್‌ಮನೆಗಳ ಕೂಲಿಯವರನ್ನೆಲ್ಲ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದಿರಿ. ಹಾಜರಿ ಬರೆಯುವವನಿಗೆ ಕ್ಯಾಮೆರಾ ಯಾಕೆ ಅಂತ ಧಣಿಗಳು ಕೇಳಿದರೆ, "ಹಾಜರಿ ಪುಸ್ತಕದಲ್ಲಿ ಮುಖ ಇರೋದಿಲ್ಲವಲ್ಲ ಸಾರ್" ಅಂದಿದ್ದಿರಂತೆ. ಪಿಕ್ಕಿಂಗಿನ ರಾಜಮ್ಮನ ಮಗಳು ಸೆಲ್ವಿ ಜ್ವರ ಬಂದು ತೀರಿಕೊಂಡ ಮೇಲೆ, ಆ ಮಗುವಿನದು ಅಂತ ಉಳಿದದ್ದು ನೀವು ತೆಗೆದ ಒಂದೇ ಫೋಟೊ. ರಾಜಮ್ಮ ಅದನ್ನು ಕೇಳಿಕೊಂಡು ಬಂದ ದಿನ ನೀವು ಕಂಪ್ಯೂಟರ್ ತೆರೆದರೆ... ವೈರಸ್ ಹೊಕ್ಕು ಫೋಲ್ಡರುಗಳೆಲ್ಲ ಬರೀ ಶಾರ್ಟ್‌ಕಟ್ ಆಗಿ ಕೂತಿದ್ದವು, ಒಂದೂ ತೆರೆಯಲಿಲ್ಲ. ಆಮೇಲೆ ನೀವು ಲೈನಿನ ಕಡೆ ತಲೆಹಾಕುವುದನ್ನೇ ಬಿಟ್ಟಿರಿ. ಅದು ನನಗೆ ತಿಳಿಯಲಿಲ್ಲ ಅಂದುಕೊಂಡಿದ್ದಿರಾ?

ತಪ್ಪು ನಿಮ್ಮದೇ, ಹೇಳಿಬಿಡುತ್ತೇನೆ. ಮನೆಗೆ ಬಂದವರಿಗೆ ಕಾಫಿ ಇಲ್ಲ ಅನ್ನದ ಹಾಗೆ ಯಾರ ಪೆನ್‌ಡ್ರೈವಿಗೂ ನೀವು ಇಲ್ಲ ಅಂದವರಲ್ಲ. ಯಾರದೋ ಮದುವೆ, ಯಾರದೋ ಭಜನೆ, ಇನ್ಯಾರದೋ ಸಿನಿಮಾ, ಎಲ್ಲವೂ ಒಳಗೆ. ಬೇಡ ಅಂದರೆ, "ಕೇಳ್ಕೊಂಡು ಬಂದವ್ರನ್ನ ಹೇಗೆ ಕಳ್ಸೋದು ಮಗಾ" ಅನ್ನುತ್ತಿದ್ದಿರಿ. ವೈರಸ್ಸಿಗೂ ಹಾಗೇ ಮಣೆ ಹಾಕಿದಿರಿ.

ಮಡಿಕೇರಿಯಲ್ಲಿ ರಿಪೇರಿ ಅಂಗಡಿಯವನು ಮುಟ್ಟಿಯೂ ನೋಡದೆ, "ಏನೂ ಉಳ್ದಿಲ್ಲ ಅಕ್ಕ, ಫಾರ್ಮ್ಯಾಟ್ ಹೊಡೆಯುವ" ಅಂದ. ಹೊಡೆಸಿಬಿಡಬೇಕಿತ್ತಾ? ನಾಡಿ ಹಿಡಿಯದೆಯೇ ಸತ್ತಿದೆ ಅನ್ನುವವನ ಮಾತನ್ನು ನಾನ್ಯಾಕೆ ಕೇಳಬೇಕು? ವಾಪಸ್ ತಂದೆ.

ಓದಿದೆ, ತಿಳಿದವರನ್ನು ಕೇಳಿದೆ, ಕಲಿತೆ. ಮೊದಲು ಇಂಟರ್ನೆಟ್ ತಂತಿ ಕಿತ್ತೆ. ತಂಗಿಯ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ವಿಂಡೋಸಿನ ಬದಲಿಗೆ ನಡೆಯುವ ಲಿನಕ್ಸ್ ಹಾಕಿ ತಂದು, ನಿಮ್ಮ ಹಳೆಯ ವಿಂಡೋಸನ್ನು ಎಬ್ಬಿಸದೆ ಅದರಿಂದಲೇ ಯಂತ್ರ ಶುರುಮಾಡಿದೆ. ಮಲಗಿದ ಹಾವನ್ನು ದಾಟುವಾಗಿನ ಭಯವೇ ಇತ್ತು. ನೋಡಿದರೆ ನಿಮ್ಮ ಫೋಲ್ಡರುಗಳು ಅಲ್ಲೇ ಇವೆ. ವೈರಸ್ ಅವನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಫೋಟೊಗಳನ್ನು ಮಾತ್ರ ಹೊಸ ಡಿಸ್ಕಿಗೆ ತೆಗೆದುಕೊಂಡೆ, ಬೇರೆ ಯಾವ ಫೈಲನ್ನೂ ಮುಟ್ಟಲಿಲ್ಲ. ಸ್ಕ್ಯಾನ್ ಮಾಡಿ, ಸೋಂಕಿಲ್ಲ ಅಂತ ಖಾತ್ರಿಯಾದ ಮೇಲೇ ತೆರೆದೆ. ಹಿಂದೆ ನಿಂತು ನೋಡುತ್ತಿದ್ದ ನಿಮ್ಮ ಮಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

ನಿನ್ನೆ ಪ್ರಿಂಟ್ ಹಾಕಿಸಿಕೊಂಡು ಲೈನಿಗೆ ಹೋದೆ. ರಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋಟೊ ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು. "ಮುಂದಿನ ಹಲ್ಲು ಬಿದ್ದಿತ್ತಲ್ಲ ಆಗ. ನಂಗೆ ಅದು ಮರ್ತೇ ಹೋಗಿತ್ತು ಅಕ್ಕ" ಅಂದಳು. ನನಗೆ ಅಳು ತಡೆಯಲಾಗಲಿಲ್ಲ.

"ನನ್ನ ಕೈಯಲ್ಲೇ ಹಾಳಾಯಿತು" ಅಂತ ನೊಂದುಕೊಂಡೇ ಹೋದಿರಿ ನೀವು. ಹಾಳಾಗಿರಲಿಲ್ಲ ಮಾವ. ಸೆಲ್ವಿ ಈಗ ಅವಳ ಅಮ್ಮನ ಮನೆಯ ಗೋಡೆಯ ಮೇಲಿದ್ದಾಳೆ, ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಾ.

ನಿಮ್ಮ ಸೊಸೆ